ಕಡ ತಂದ ಅಂಜಿಕೆ

ಗುಡ್ಡಗಳಿಗೆ ಕಾಲಿದ್ದವಂತೆ, ಗಾಳಿಗೊಂದು ಮನೆಯಿತ್ತಂತೆ. ಅಂಥ ಕಾಲದಲ್ಲಿ ಒಬ್ಬ ರಾಜನಿದ್ದ. ಅವನ ಕೋಟೆಯ ಕಾವಲಿಗೆ ಎಂಟೆದೆಯ ಬಂಟನೇ ಬೇಕೆಂದು ನಾಡೆಲ್ಲ ಹುಡುಕಿ, ಅಂಜಿಕೆ ಎಂದರೇನೆಂದೇ ಅರಿಯದ ಒಬ್ಬನನ್ನು ತಂದು ಬಾಗಿಲಿಗೆ ನಿಲ್ಲಿಸಿದರು. ಅಂಜಿಕೆಯಿಲ್ಲದವನಿಗೆ ನಿದ್ದೆಗೇನು ಬರ? ಗೋಡೆಗೊರಗಿದವನೇ ಗೊರಕೆ ಹೊಡೆದ. ಕಳ್ಳರು ಅವನ ಕಾಲು ದಾಟಿಕೊಂಡು ಒಳಗೆ ಹೋಗಿ, ದಾಟಿಕೊಂಡೇ ಹೊರಗೆ ಬಂದರು. ಆಗ ರಾಜ ತಾನೇ ಸಂತೆಗೆ ನಡೆದು, ಹತ್ತು ಹೆತ್ತ ಮುದುಕಿಯೊಬ್ಬಳ ಹತ್ತಿರ ಒಂದು ಸೇರು ಅಂಜಿಕೆ ಕಡ ತಂದು, ಗಂಟು ಕಟ್ಟಿ ಕಾವಲಿನವನ ಕೊರಳಿಗೆ ತೂಗುಹಾಕಿದ. ಕೋಟೆ ಉಳಿಯಿತು. ಕಾವಲಿನವನು ಏನಾದ ಎಂದು ಕಥೆ ಹೇಳುವವರು ಎಂದೂ ಹೇಳಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಕೇಳುವ ಮಕ್ಕಳು ಮಲಗಿರುತ್ತಿದ್ದವು.

ಕಥೆಯಲ್ಲಿ ಇದು ಎಂದೋ ಆಗಿಹೋದದ್ದು. ಕಪ್ಪತಗುಡ್ಡದ ಮೇಲೆ ಆದದ್ದು ಬಹಳ ತಡವಾಗಿ, ನೆತ್ತಿಯ ಮೇಲಿನ ಗಾಳಿಕಂಬಗಳನ್ನೆಲ್ಲ ಕಿತ್ತು ಆ ಜಾಗದಲ್ಲಿ ಪಟ ಹಾರಿಸತೊಡಗಿದ ಮೇಲೆ. ಅಂಜಿಕೆಯ ಗಂಟು ಈ ಸಲ ಬಿದ್ದದ್ದು ಮಹಾನಂದಾ ಎಂಬ ಹುಡುಗಿಯ ಕೊರಳಿಗೆ.

ಕಾರಹುಣ್ಣಿಮೆಗೆ ಮಕ್ಕಳು ಹಾರಿಸುವ ಪಟವಲ್ಲ ಅವು. ಒಂದೊಂದೂ ರಾಶಿ ಮಾಡುವ ಕಣದಷ್ಟು ಅಗಲ. ಮೋಡದ ಹತ್ತಿರ ಹಾರುವ ಪಟದಿಂದ ಮುಂಗೈ ದಪ್ಪದ ಬಿಳಿ ಹಗ್ಗ ಇಳಿದು, ಕಲ್ಲುಕೋಣೆಯ ಗೋಡೆಯಲ್ಲಿದ್ದ ರಾಟೆಯ ಮೇಲೆ ಹಾಯ್ದು, ಒಳಗಿನ ದೊಡ್ಡ ಡ್ರಮ್ಮಿಗೆ ಸುತ್ತಿಕೊಳ್ಳುತ್ತಿತ್ತು. ಗಾಳಿ ಪಟವನ್ನು ಎಳೆದಂತೆ ಹಗ್ಗ ಬಿಚ್ಚಿ ಡ್ರಮ್ಮು ಗರಗರ ತಿರುಗಿ ಕರೆಂಟು ಹುಟ್ಟುತ್ತಿತ್ತು. ಹಗ್ಗ ಮುಗಿಯುತ್ತ ಬಂದಾಗ ಪಟ ತಾನೇ ಓರೆಯಾಗಿ ಗಾಳಿಯನ್ನು ಬಿಟ್ಟುಕೊಡುತ್ತಿತ್ತು, ಡ್ರಮ್ಮು ಹಗ್ಗವನ್ನು ಒಳಗೆಳೆದುಕೊಳ್ಳುತ್ತಿತ್ತು. ಬಾವಿಗೆ ಕೊಡ ಬಿಟ್ಟು ಸೇದಿದಂತೆ, ಹಗಲೂ ಇರುಳೂ. ಆ ಕರೆಂಟಿನಿಂದಲೇ ತುಂಗಭದ್ರೆಯ ನೀರು ಗುಡ್ಡದಾಚೆಯ ಊರುಗಳ ನಳಕ್ಕೆ ಏರುತ್ತಿತ್ತು. ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತಿತ್ತು.

ಹಾಗಿದ್ದರೆ ಮನುಷ್ಯರೇಕೆ? ಇನ್ನೊಂದು ಗುಡ್ಡದ ಮೇಲೆ ಹಿಂದೊಮ್ಮೆ ಹಗ್ಗ ಹರಿದಿತ್ತು. ಹರಿದ ತುದಿ ಕುಡುಗೋಲಿನಂತೆ ಬೀಸಿಬಂದು ಇಳಿಜಾರಿನ ಮನೆಗಳ ಮಾಳಿಗೆಗಳನ್ನು, ಮಾಳಿಗೆಯ ಮೇಲಿದ್ದವರನ್ನು, ಒಂದೇ ಏಟಿಗೆ ಕೊಯ್ದುಕೊಂಡು ಹೋಗಿತ್ತು. ಯಂತ್ರಕ್ಕೆ ತಿಳಿದಿರಲಿಲ್ಲ. ಅದರ ಮುಂದೆ ಕುಳಿತ ಹುಡುಗನಿಗೂ ತಿಳಿದಿರಲಿಲ್ಲ. ಅವನ ಎದುರಿನ ಪರದೆ ಕೊನೆಯವರೆಗೂ ಹಸಿರಾಗಿಯೇ ಇತ್ತು. ಹಳಬರಿದ್ದಲ್ಲಿ ಮಾತ್ರ ಇಂಥದ್ದು ಆಗುತ್ತಿರಲಿಲ್ಲ. ಏನೋ ಸರಿಯಿಲ್ಲ ಎಂದು ಮೊದಲು ಅವರ ಮೈಗೆ ಅನಿಸುತ್ತಿತ್ತು, ಆಮೇಲೆ ಬುದ್ಧಿಗೆ. ಆದರೆ ಹಳಬರು ನಿವೃತ್ತಿಯಾಗುತ್ತಿದ್ದರು, ಅವರ ಅಂಜಿಕೆಯೂ ಅವರ ಜೊತೆ ಮನೆಗೆ ಹೋಗುತ್ತಿತ್ತು.

ಅದಕ್ಕೇ ಕಂಪನಿಯವರು ಕೊರಳಿಗೆ ಕಟ್ಟುವ ಎಚ್ಚರಪಟ್ಟಿ ಮಾಡಿದರು. ಗುಡ್ಡದ ಮೇಲಿನವರ ಬಾಯಲ್ಲಿ ಅದು ಅಂಜಿಕಿ ಸರ. ಮಾಬುಸಾಬ ಎಂಬ ಹಳೆಯ ಕೆಲಸಗಾರನ ಕೊನೆಯ ವರ್ಷದಲ್ಲಿ ಅವನ ಮೈಗೆಲ್ಲ ತಂತಿ ಅಂಟಿಸಿ, ಯಾವ ಪಟದ ಮುಂದೆ, ಯಾವ ಗಾಳಿಯಲ್ಲಿ, ಯಾವ ಹೊತ್ತಿಗೆ ಅವನ ಎದೆ ಹೊಡೆದುಕೊಂಡಿತು, ಹೊಟ್ಟೆ ಕುಸಿಯಿತು, ಕೊರಳ ಹಿಂದಿನ ಹೆಡಕು ತಣ್ಣಗಾಯಿತು ಎಂಬುದನ್ನೆಲ್ಲ ಹಿಡಿದಿಟ್ಟಿದ್ದರು. ಅಂಥದೇ ಗಾಳಿ, ಅಂಥದೇ ಹೊತ್ತು ಬಂದಾಗ ಪಟ್ಟಿ ಹೊಸಬರ ಕೊರಳಿನ ನರಕ್ಕೆ ಸಣ್ಣ ಮಿಂಚು ಕೊಟ್ಟು ಅದೇ ನಡುಕವನ್ನು ಎಬ್ಬಿಸುತ್ತಿತ್ತು. ಕಾರಣವನ್ನು ಕಳಿಸುವ ವಿದ್ಯೆ ಯಾರಿಗೂ ಬರುತ್ತಿರಲಿಲ್ಲ. ನಡುಕ ಮಾತ್ರ ಬರುತ್ತಿತ್ತು.

ಕೆಲಸಕ್ಕೆ ಸೇರಿದ ದಿನ ಮಹಾನಂದಾ ಎಲ್ಲರ ಎದುರಿಗೆ ಡ್ರಮ್ಮಿನ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಅದು ಗುಡ್ಡದ ರೂಢಿ. ಕಲಿಯುವ ಕಾಲ ಮುಗಿದು ಸರ ಕೊರಳಿಂದ ಇಳಿಯುವುದರೊಳಗೆ ಒಂದು ಪಟವನ್ನು ತನ್ನ ಮಾತಿನಿಂದ, ತನ್ನ ಕೈಯಿಂದ, ಒಬ್ಬಳೇ ಇಳಿಸುತ್ತೇನೆ ಎಂದು. ಇಳಿಸಿದವರು ಕಾಯಂ ಆಗುತ್ತಿದ್ದರು. ಆದರೆ ಕಾರಣವಿಲ್ಲದೆ ಇಳಿಸುವಂತಿಲ್ಲ. ಪಟ ಇಳಿದರೆ ಅರ್ಧ ದಿನ ನೀರು ನಿಲ್ಲುತ್ತದೆ. ಸುಮ್ಮನೆ ಇಳಿಸಿದವರು ಗಂಟುಮೂಟೆ ಕಟ್ಟಬೇಕು. ಅವಳಿಗಿಂತ ಮೊದಲು ಬಂದವನು ಸರ ನಡುಗಿದಾಗಲೆಲ್ಲ ಪಟ ಇಳಿಸಿ ವಾರದೊಳಗೆ ಮನೆಗೆ ಹೋಗಿದ್ದ. ಅವನಿಗಿಂತ ಮೊದಲಿನವಳು ಒಂದನ್ನೂ ಇಳಿಸದೆ, ಅತ್ತು ಅತ್ತು, ತಾನೇ ಬಿಟ್ಟು ಹೋಗಿದ್ದಳು.

ಪಾಳಿಯ ಮುಖ್ಯಸ್ಥ ಕಳಕಪ್ಪ ಸರ ಕಟ್ಟುವಾಗ ಹೇಳಿದ್ದು ಇಷ್ಟೇ. “ಇದು ಅಂಜಸ್ತೈತಿ. ಯಾಕ ಅಂಜಸ್ತೈತಿ ಅಂತ ನೀನ ಹುಡುಕಬೇಕವಾ. ಸಿಕ್ತು ಅಂದ್ರ ಆ ಅಂಜಿಕಿ ನಿಂದಾತು.”

ಮೊದಮೊದಲು ಅದೊಂದು ಒಗಟಿನ ಆಟದಂತಿತ್ತು. ಎರಡನೆಯ ಪಟದ ಮುಂದೆ ಪಡುವಣ ಗಾಳಿ ಬೀಸಿದಾಗ ಹೆಡಕು ತಣ್ಣಗಾಗುತ್ತಿತ್ತು. ಹುಡುಕಿದಾಗ ಆ ಗಾಳಿಗೆ ಹಗ್ಗ ಬಂಡೆಯ ಮೂಲೆಗೆ ತಾಕುವುದು ಕಂಡಿತು. ಆದರೆ ಆಷಾಢದ ಗಾಳಿ ಏರಿದಂತೆ ಒಂದು ನಡುಕಕ್ಕೆ ಕಾರಣ ಹುಡುಕುವುದರೊಳಗೆ ಇನ್ನೊಂದು ಬಂದು ನಿಲ್ಲತೊಡಗಿತು. ಅದರ ಮೇಲೆ ಅವಳದೇ ಅಂಜಿಕೆಗಳು. ಗುಂಡಿ ತಪ್ಪಿ ಒತ್ತಿದರೆ? ಕಳಕಪ್ಪ ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ? ಕ್ಯಾಂಟೀನಿನಲ್ಲಿ ಹಳಬರು ತನ್ನನ್ನು ನೋಡಿ ನಕ್ಕರೇ? ಯಾವುದು ಮಾಬುಸಾಬನದು, ಯಾವುದು ತನ್ನದು? ಜೋಳದಲ್ಲಿ ಕಲ್ಲು ಆರಿಸಿದಂತೆ ಆರಿಸಲು ಕೂತರೆ ಎಲ್ಲವೂ ಕಲ್ಲೇ.

ಎಲ್ಲಕ್ಕಿಂತ ಕೆಟ್ಟದ್ದು ಐದನೆಯ ಪಟ. ಅಲ್ಲಿ ಗಾಳಿ ಶಾಂತವಿರಲಿ, ಹಗ್ಗ ಹದವಾಗಿರಲಿ, ಸಂಜೆಯಾದರೆ ಸಾಕು, ಸರ ಅವಳ ಹೊಟ್ಟೆಯೊಳಗೆ ಕೈಹಾಕಿ ಕರುಳನ್ನು ಹಿಂಡುತ್ತಿತ್ತು. ಹಿಂಡುತ್ತಲೇ ಇರುತ್ತಿತ್ತು. ಆ ಪಟದ ಹಗ್ಗ ಹಾಯುವುದು ಗುಡ್ಡದ ಬುಡದಲ್ಲಿ ಕೆಲಸಗಾರರಿಗಾಗಿ ಕಟ್ಟಿದ ಮನೆಗಳ ಮೇಲೆ. ಕೋಣೆಯ ಕಿಟಕಿಯಿಂದ ನೋಡಿದರೆ ಅವಳದೇ ಮನೆಯ ಮಾಳಿಗೆ ಕಾಣುತ್ತಿತ್ತು. ಮಾಳಿಗೆಯ ಮೇಲೆ ಅವಳ ಅವ್ವ ದ್ಯಾಮವ್ವ ಹಾಸಿಗೆ ಕೊಡವುತ್ತಿರುವುದೂ ಕಾಣುತ್ತಿತ್ತು.

ಸರವನ್ನು ಗುಡ್ಡದ ಮೇಲೆಯೇ ಬಿಚ್ಚಿಟ್ಟು ಬರುತ್ತಿದ್ದಳು. ಅಂಜಿಕೆ ಮಾತ್ರ ಬೆನ್ನು ಬಿಡದೆ ಮನೆಗೆ ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರೆ ಬೆಚ್ಚುತ್ತಿದ್ದಳು, ಮತ್ತೆ ಶುರುಮಾಡಿದರೂ ಬೆಚ್ಚುತ್ತಿದ್ದಳು. ಮಾಳಿಗೆ ಹತ್ತಬೇಡ ಎಂದಳು, ಯಾಕೆಂದರೆ ಹೇಳಲಿಲ್ಲ. ಬಾಡಿಗೆ ಕೋಣೆಗಳಲ್ಲೇ ಆಯುಷ್ಯ ಕಳೆದ ದ್ಯಾಮವ್ವನಿಗೆ ಮೊದಲ ಸಲ ಒಂದು ಮಾಳಿಗೆ ಸಿಕ್ಕಿತ್ತು. ಸಂಡಿಗೆ ಒಣಗಿಸುವುದು ಮತ್ತೆಲ್ಲಿ ಎಂದು ಆಕೆ ಮಗಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳು ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ ದಿನ ಮಾತ್ರ ಎದುರಿಗೆ ಬಂದು ಕುಳಿತಳು.

“ನೌಕರಿ ಸಿಕ್ಕಮ್ಯಾಲ ಮಂದಿ ದಪ್ಪ ಆಗ್ತಾರ. ನೀ ನೋಡಿದ್ರ ಕಟಗಿ ಆಗಾಕತ್ತಿ. ಯಾರ ಅಂಜಸಾಕತ್ತಾರ ನಿನಗ?”

“ಮಾಬುಸಾಬ ಅಂತ,” ಎಂದಳು ಮಹಾನಂದಾ. ಹೇಳಿದ ಮೇಲೆ ಅವಳಿಗೇ ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು.

ದ್ಯಾಮವ್ವ ನಗಲಿಲ್ಲ. “ಹಂಗಾದ್ರ ಅವನ ಮನಿಗೆ ಹೋಗಿ ಕೇಳು. ಅವಂದು ಅವಗ ಗೊತ್ತಿರಬೇಕಲ್ಲ.”

ರಜೆಯ ದಿನ ಮಹಾನಂದಾ ಬಸ್ಸು ಹತ್ತಿ ಮುಂಡರಗಿಗೆ ಹೋದಳು. ಮಾಬುಸಾಬ ಮನೆಯ ಕಟ್ಟೆಯ ಮೇಲೆ ಮೊಮ್ಮಗಳನ್ನು ಕೂಡಿಸಿಕೊಂಡು ಶೇಂಗಾ ಸುಲಿಯುತ್ತಿದ್ದ. ಗುಡ್ಡದ ಹುಡುಗಿ ಎಂದು ತಿಳಿದು ಖುಷಿಯಾದವನು, ಅವಳು ಕೊರಳಿಗೆ ಕಟ್ಟಿಕೊಳ್ಳುವುದು ತನ್ನ ಅಂಜಿಕೆ ಎಂದು ಗೊತ್ತಾದ ಕೂಡಲೇ ಮುಖ ತಿರುಗಿಸಿದ.

“ಸಿಟ್ಟಾಗಬ್ಯಾಡ ತಂಗಿ. ಯಾರೋ ನನ್ನ ಬನೀನು ಹಾಕ್ಕೊಂಡು ಎದುರಿಗೆ ನಿಂತಂಗ ಆತು.”

ಅವಳು ಎರಡನೆಯ ಪಟದ ಬಂಡೆಯ ಬಗ್ಗೆ ಹೇಳಿದಾಗ ತಲೆಯಾಡಿಸಿದ. ಉಳಿದವಕ್ಕೂ ತನಗೆ ನೆನಪಿದ್ದಷ್ಟು ಹೇಳಿದ. ಐದನೆಯದರ ಮಾತು ಬಂದಾಗ ಶೇಂಗಾ ಸುಲಿಯುವ ಕೈ ನಿಂತಿತು. ಒಳಗೆ ಅವನ ಮಗಳು ಹಸೀನಾ ಚಹಾ ಮಾಡುತ್ತಿದ್ದಳು. ಆಕೆಗೆ ಕೇಳದಂತೆ ದನಿ ತಗ್ಗಿಸಿ ನಡೆದದ್ದನ್ನು ಹೇಳಿದ. ತಂತಿ ಅಂಟಿಸಿಕೊಂಡ ಆ ವರ್ಷ ಹಸೀನಾ ಬಸುರಿ. ತಾಯಿ ಮಗು ಇಬ್ಬರಲ್ಲಿ ಒಬ್ಬರು ಉಳಿದರೆ ಪುಣ್ಯ ಎಂದಿದ್ದರು ಡಾಕ್ಟರು. ಗದಗಿನ ರಸ್ತೆ ಕಾಣುವುದು ಐದನೆಯ ಪಟದ ಕೋಣೆಯ ಕಿಟಕಿಯಿಂದ ಮಾತ್ರ. ಮನೆಯ ಕಡೆಯಿಂದ ಆಂಬುಲೆನ್ಸು ಹೊರಟರೆ ಕಾಣಲೆಂದು ಪ್ರತಿ ಸಂಜೆ ಅಲ್ಲಿ ಕೂತಿರುತ್ತಿದ್ದ. ರಸ್ತೆಯಲ್ಲಿ ಧೂಳೆದ್ದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ತಂತಿಗಳಿಗೇನು ಗೊತ್ತು? ಪಟಕ್ಕೇ ಅಂಜಿದನೆಂದು ಬರೆದುಕೊಂಡವು.

ಮೊಮ್ಮಗಳ ಬಾಯಿಂದ ಶೇಂಗಾ ಸಿಪ್ಪೆ ತೆಗೆಯುತ್ತ ಅವನು, “ಕೂಸು ನೋಡು, ಹೆಂಗ ಕುಂತೈತಿ. ಅಂಜಿಕಿ ಮಾತ್ರ ಇನ್ನೂ ಗುಡ್ಡದ ಮ್ಯಾಲ ಉಳದೈತಿ,” ಎಂದ.

ಪಟದ ಬಗ್ಗೆ ಬೇರೆ ಏನೂ ಇರಲಿಲ್ಲವೇ ಎಂದು ಕೇಳಿದ್ದಕ್ಕೆ, “ಇದ್ದಿಲ್ಲ ಅನಸ್ತೈತಿ. ಮಗಳ ಚಿಂತಿ ಮುಂದ ಬ್ಯಾರೆ ಏನು ಕಾಣ್ತೈತಿ ತಂಗಿ,” ಎಂದ. ಮಹಾನಂದಾ ‘ಇದ್ದಿಲ್ಲ’ ಎಂಬ ಮಾತನ್ನಷ್ಟೇ ಕೇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಕೆಲಸಕ್ಕೆ ಸೇರಿದ ಮೇಲೆ ಅಂಥ ನಿದ್ದೆ ಅದೇ ಮೊದಲು.

ಅವಳು ಹೇಳಿದ್ದನ್ನು ಕಳಕಪ್ಪ ಕಂಪನಿಯವರಿಗೆ ತಿಳಿಸಿದ. ಅವರು ಸಂಕೋಚದಿಂದಲೇ ಒಪ್ಪಿಕೊಂಡು, ಐದನೆಯ ಪಟದ ಪಾಲನ್ನು ಸರದಿಂದ ಪೂರ್ತಿ ಅಳಿಸಿಹಾಕಿದರು. ಇಷ್ಟು ಮಂದಿ ಹೊಸಬರು ಅದನ್ನು ಹೊತ್ತು ಒದ್ದಾಡಿದರೂ ಯಾರೂ ಹೋಗಿ ಕೇಳಿರಲಿಲ್ಲವಲ್ಲ ಎಂದು ಕ್ಯಾಂಟೀನಿನಲ್ಲಿ ಹಳಬರು ಅವಳಿಗೆ ತಮ್ಮ ಪಾಲಿನ ಮಿರ್ಚಿ ಭಜಿ ಕೊಟ್ಟರು.

ಆಮೇಲೆ ದಿನಗಳು ಹಗುರಾದವು. ಐದನೆಯ ಕೋಣೆಗೆ ಕಾಲಿಟ್ಟರೆ ತೊಟ್ಟಿಲಲ್ಲಿ ಹಾಕಿ ತೂಗಿದಂತಾಗುತ್ತಿತ್ತು. ಬೇರೆ ಕೋಣೆಗಳಲ್ಲಿ ನಡುಗಿ ಬಂದವಳು ಇಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಚಾಚಿದಳು. ಮಾಳಿಗೆ ಹತ್ತಬೇಡ ಎನ್ನುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಡ್ರಮ್ಮಿನ ಗರಗರ ಸದ್ದಿಗೆ ಕಣ್ಣು ಎಳೆದಂತಾಗಿ, ಕುಳಿತಲ್ಲೇ ತೂಕಡಿಸಿದಳು. ಎಚ್ಚರವಾದಾಗ ಪರದೆ ಹಸಿರಾಗಿತ್ತು. ಡಬ್ಬಿಯ ಮುಚ್ಚಳದ ಮೇಲೆ ಅರಳೆಯಂಥದೇನೋ ಬಿಳಿ ನವಿರು ಬಿದ್ದಿತ್ತು. ಊದಿದಳು, ಹಾರಿತು. ತುಸು ಹೊತ್ತಿಗೆ ಮತ್ತೆ ಬಿತ್ತು.

ಹತ್ತಿ ಗಿರಣಿಯಿರುವ ಓಣಿಯಲ್ಲಿ ಬೆಳೆದವಳು ಅವಳು. ಗಾಳಿಯಲ್ಲಿ ಅರಳೆ ಹಾರುವುದು ಹೊಸತಲ್ಲ. ಆದರೆ ಗುಡ್ಡದ ನೆತ್ತಿಯಲ್ಲಿ ಎಲ್ಲಿಯ ಹತ್ತಿ? ಎದ್ದು ರಾಟೆಯ ಕೆಳಗೆ ಬಗ್ಗಿ ನೋಡಿದಳು. ಮೂಲೆಯಲ್ಲಿ ಬೆಕ್ಕು ಮಲಗಿದಂತೆ ಬಿಳಿ ನವಿರು ಗುಪ್ಪೆಯಾಗಿತ್ತು. ನಾಲ್ಕನೆಯ ಕೋಣೆಗೆ ಓಡಿಹೋಗಿ ಅಲ್ಲಿಯ ರಾಟೆಯ ಕೆಳಗೆ ನೋಡಿದಳು. ಬೂದು ಧೂಳು, ಅಷ್ಟೇ. ಮರಳಿ ಬಂದು ನಿಂತು ಹಗ್ಗವನ್ನೇ ದಿಟ್ಟಿಸಿದಳು. ಹಗ್ಗ ಒಳಗೆ ಬಂತು, ಬಂತು, ಸುತ್ತಿನ ಕೊನೆಗೆ ಡ್ರಮ್ಮು ನಿಂತು ದಿಕ್ಕು ಬದಲಿಸಿತು. ಹಾಗೆ ಬದಲಿಸುವಾಗ ಹಗ್ಗ ರಾಟೆಯ ಮೇಲೆ ಒಂದು ಜಗ್ಗು ಜಗ್ಗಿತು. ನವಿರು ಉದುರಿತು. ಪ್ರತಿ ಸುತ್ತಿಗೂ ಅದೇ ಜಾಗ, ಅದೇ ಜಗ್ಗು. ನಿಂತಾಗ ರಾಟೆಯ ಮರೆ, ಓಡುವಾಗ ವೇಗ, ಹಗ್ಗದ ಆ ಜಾಗ ಮಾತ್ರ ಕಣ್ಣಿಗೆ ಸಿಗಲಿಲ್ಲ. ಯಂತ್ರ ಅಳೆಯುತ್ತಿದ್ದುದು ಹಗ್ಗ ಎಷ್ಟು ಎಳೆಯುತ್ತಿದೆ ಎಂಬುದನ್ನು. ಎಷ್ಟು ಸವೆದಿದೆ ಎಂಬುದನ್ನಲ್ಲ.

ಇದು ದೊಡ್ಡದೋ ಸಣ್ಣದೋ? ಅವಳು ಅಭ್ಯಾಸದಂತೆ ಸರಕ್ಕಾಗಿ ಕಾದಳು. ಈಗ ಹೆಡಕು ತಣ್ಣಗಾಗುತ್ತದೆ, ಈಗ ಹೊಟ್ಟೆ ಕುಸಿಯುತ್ತದೆ. ಏನೂ ಆಗಲಿಲ್ಲ. ಕೊರಳು ಬೆಚ್ಚಗಿತ್ತು. ಉಣ್ಣೆಯ ಶಾಲು ಹೊದ್ದಂತೆ ಮೈಯೆಲ್ಲ ಬೆಚ್ಚಗಿತ್ತು.

ಆಗ ತಿಳಿಯಿತು. ಐದನೆಯ ಪಟಕ್ಕೆ ಅಂಜುವವರು ಈಗ ಲೋಕದಲ್ಲಿ ಯಾರೂ ಇಲ್ಲ. ಯಂತ್ರಕ್ಕೆ ಅಂಜಿಕೆ ಗೊತ್ತಿಲ್ಲ. ಮಾಬುಸಾಬ ಮೊಮ್ಮಗಳ ಜೊತೆ ಕಟ್ಟೆಯ ಮೇಲಿದ್ದಾನೆ. ಅವನ ಮಗಳ ಚಿಂತೆಯ ಅಡಿಯಲ್ಲಿ ಈ ಹಗ್ಗದ ಚಿಂತೆಯೂ ಒಂದು ಎಳೆಯಷ್ಟು ಇತ್ತೋ ಏನೋ, ಅದನ್ನೂ ಸೇರಿಸಿ ಅಳಿಸಿಹಾಕಿದ್ದರು. ಅಳಿಸಿ ಎಂದು ಹೇಳಿಸಿದವಳು ತಾನು. ಕೆಳಗೆ ಅಷ್ಟು ಮನೆಗಳು ಮಲಗಿವೆ. ಕಾವಲಿಗೆ ಕುಳಿತವಳ ಮೈ ಬೆಚ್ಚಗಿದೆ.

ಮೊದಲು ದವಡೆ ಬಿಗಿಯಿತು. ಆಮೇಲೆ ಹಲ್ಲು ಹಲ್ಲಿಗೆ ತಾಕಿ ಕಟಕಟ ಎನ್ನತೊಡಗಿತು. ಹೆಡಕಿನಲ್ಲಿ ಏನೂ ಇಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ. ಮಾಬುಸಾಬನ ಅಂಜಿಕೆ ಎಂದೂ ಹಲ್ಲಿಗೆ ಬಂದಿರಲಿಲ್ಲ. ಅದು ಹೊರಗಿನಿಂದ ಮಿಂಚಿನಂತೆ ಎರಗುತ್ತಿತ್ತು. ಇದು ನಿಧಾನಕ್ಕೆ ಬಂದು ಮನೆಯ ಮಗಳಂತೆ ಒಳಗೆ ಕುಳಿತಿತು.

ಫೋನೆತ್ತಿ ಕಳಕಪ್ಪನಿಗೆ, ಐದನೆಯ ಪಟ ಇಳಿಸುತ್ತೇನೆ ಎಂದಳು.

“ಸರ ನಡಗಿತೇನು?”

“ಇಲ್ರಿ.”

“ಪರದೆ?”

“ಹಸಿರೈತ್ರಿ.”

“ಮತ್ತೇನಾತವಾ?”

“ನಾ ಅಂಜೀನ್ರಿ.”

ನವಿರಿನ ಸಂಗತಿ ಹೇಳಿದಳು. ಹೊಸ ಹಗ್ಗಕ್ಕೂ ಒಮ್ಮೊಮ್ಮೆ ನವಿರು ಏಳುತ್ತದೆ ಎಂದ ಕಳಕಪ್ಪ. ಎಂಟು ದಿನಕ್ಕೊಮ್ಮೆ ನಳ ಬರುವ ಊರುಗಳಿಗೆ ಇವತ್ತೇ ನೀರಿನ ಸರದಿ ಎಂದೂ ಹೇಳಿದ. ಆಮೇಲೆ ದನಿ ಇಳಿಸಿ, “ಏನೂ ಸಿಗಲಿಲ್ಲ ಅಂದ್ರ ನಿನ್ನ ನೌಕರಿ ನನ್ನ ಕೈಯಾಗ ಇರಂಗಿಲ್ಲ ನಂದವ್ವ. ತಿಳಕೊಂಡು ಹೇಳು,” ಎಂದ.

ಅವಳಿಗೆ ಅವ್ವನ ಮಾಳಿಗೆ ಕಾಣುತ್ತಿತ್ತು. ನೌಕರಿ ಹೋದರೆ ಹೋಗುವುದೂ ಅದೇ ಮಾಳಿಗೆ.

“ಇಳಸ್ತೀನ್ರಿ,” ಎಂದಳು.

ಕೆಂಪು ಸನ್ನೆಕೋಲನ್ನು ಎಳೆದ ಕೂಡಲೇ ಕೆಳಗೆ ಸೈರನ್ನು ಕೂಗಿತು. ಯಂತ್ರಕ್ಕೆ ಬಿಟ್ಟಿದ್ದರೆ ಅದು ಸರಸರನೆ ಎಳೆದು, ಸುತ್ತಿನ ಕೊನೆಗೆ ಎಂದಿನಂತೆ ನಿಂತು ಜಗ್ಗಿ, ಮತ್ತೆ ಎಳೆಯುತ್ತಿತ್ತು. ಆ ಒಂದು ಜಗ್ಗು ಆಗಬಾರದು. ಯಂತ್ರವನ್ನು ಬದಿಗಿಟ್ಟು ಕೈಚಕ್ರ ಹಿಡಿದಳು. ಮೊದಲು ಪಟವನ್ನು ಓರೆ ಮಾಡಿದಳು. ಗಾಳಿ ಅದನ್ನು ಬಿಡಲೊಲ್ಲದು. ಆಷಾಢದ ಗಾಳಿ, ಹಸಿದ ಹೋರಿಯಂತೆ ಎಳೆಯುತ್ತಿತ್ತು. ಹಗ್ಗ ಗುಂಯ್ ಎಂದಿತು. ಕೈಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸಿದಳು. ಅವಳ ಬಾಯೊಳಗಿನ ಹಲ್ಲುಗಳೂ ಜೊತೆಗೂಡಿ ಕಟಕಟಿಸಿದವು.

ಕೆಳಗೆ ಬಾಗಿಲುಗಳಿಂದ ಜನ ಹೊರಬಂದು, ಇಂಥ ಹೊತ್ತಿಗೆಂದೇ ಕಟ್ಟಿದ ಕಾಂಕ್ರೀಟಿನ ನೆಲಮಾಳಿಗೆಯತ್ತ ಓಡುತ್ತಿದ್ದರು. ದ್ಯಾಮವ್ವ ಓಡಲಿಲ್ಲ. ಅವಳಿಗೆ ಸೈರನ್ನು ಹೊಸದು. ಮಾಳಿಗೆಯ ನಡುವೆ, ಸಂಡಿಗೆ ಹರವಿದ ಸೀರೆಯ ಪಕ್ಕದಲ್ಲಿ, ಹಣೆಗೆ ಕೈಯಿಟ್ಟು ಆಕಾಶ ನೋಡುತ್ತ ನಿಂತಿದ್ದಳು. ಮಹಾನಂದಾ ಕೂಗಿದಳು. ಗಾಜಿನಾಚೆಗೂ ದನಿ ದಾಟಲಿಲ್ಲ. ಚಕ್ರ ಬಿಟ್ಟು ಫೋನು ಹಿಡಿಯುವಂತಿಲ್ಲ. ಕಣ್ಣನ್ನು ಕಿಟಕಿಯಿಂದ ಕಿತ್ತು ಹಗ್ಗದ ಮೇಲೆ ನೆಟ್ಟಳು.

ಆ ಜಾಗ ಬಂತು. ದೂರದಿಂದಲೇ ಕಂಡಿತು. ಮುಂಗೈ ದಪ್ಪದ ಹಗ್ಗ ಅಲ್ಲಿ ಹೆಬ್ಬೆರಳಿನಷ್ಟಾಗಿತ್ತು. ಸುತ್ತ ಹರಿದ ಎಳೆಗಳು ಮುದುಕಿಯ ಬಿಚ್ಚಿದ ಕೂದಲಿನಂತೆ ಗಾಳಿಗೆ ಹಾರುತ್ತಿದ್ದವು. ಅವಳು ನೋಡನೋಡುತ್ತಿದ್ದಂತೆ ಇನ್ನೊಂದು ಎಳೆ ಚಟ್ಟೆಂದು ಹರಿದು ಸುರುಳಿಯಾಯಿತು. ಇಡೀ ಪಟ, ಅದರ ಹಿಂದಿನ ಇಡೀ ಆಕಾಶ, ಆ ಹೆಬ್ಬೆರಳಿನ ಮೇಲೆ ನಿಂತಿತ್ತು. ನಿಲ್ಲಿಸಿದರೆ ಜಗ್ಗುತ್ತದೆ. ಎಳೆದರೆ ರಾಟೆಯ ಮೇಲೆ ಹರಿಯಬಹುದು. ಉಸಿರು ಬಿಗಿಹಿಡಿದು, ಗಾಳಿ ಒಂದು ಸಲ ಮೈಮರೆತು ಸಡಿಲಾಗುವವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಕಾದಳು. ಸಡಿಲಾಯಿತು. ಆ ಒಂದು ಗಳಿಗೆಯಲ್ಲಿ ಸರಕ್ಕನೆ ಸುತ್ತಿದಳು. ಸವೆದ ಜಾಗ ರಾಟೆ ಏರಿತು, ರಾಟೆ ಇಳಿಯಿತು, ಡ್ರಮ್ಮನ್ನು ತಬ್ಬಿತು. ಅದರ ಮೇಲೆ ಒಳ್ಳೆಯ ಹಗ್ಗ ಒಂದು ಸುತ್ತು ಬಿತ್ತು, ಇನ್ನೊಂದು ಬಿತ್ತು.

ಕಿಟಕಿಯಲ್ಲಿ ನೋಡಿದಾಗ ಪಕ್ಕದ ಮನೆಯ ಹೆಂಗಸೊಬ್ಬಳು ದ್ಯಾಮವ್ವನ ರಟ್ಟೆ ಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ದ್ಯಾಮವ್ವ ಇನ್ನೂ ತಿರುತಿರುಗಿ ಮೇಲೆ ನೋಡುತ್ತಿದ್ದಳು.

ಕಳಕಪ್ಪ ಏದುಸಿರು ಬಿಡುತ್ತ ಒಳಗೆ ಬಂದ. ಬೈಯಲು ತೆರೆದ ಬಾಯಿ, ಡ್ರಮ್ಮಿನ ಸುತ್ತುಗಳ ನಡುವಿಂದ ಹೊರಚಾಚಿದ್ದ ಹರಿದ ಎಳೆಗಳನ್ನು ನೋಡಿ ಹಾಗೆಯೇ ಉಳಿಯಿತು. ಒಂದು ಎಳೆಯನ್ನು ಬೆರಳಿಂದ ಮುಟ್ಟಿದ.

“ಕೈ ಹಚ್ಚಲೇನವಾ?” ಎಂದ.

ಅವಳು ಬೇಡವೆಂದು ತಲೆಯಾಡಿಸಿದಳು. ಮಾತನಾಡಿದರೆ ನಾಲಗೆ ಕಚ್ಚಿಕೊಳ್ಳುವಷ್ಟು ಹಲ್ಲು ಕಟಕಟಿಸುತ್ತಿತ್ತು. ಅದು ನಿಲ್ಲಲಿ ಎಂದು ಅವಳು ಕಾಯಲಿಲ್ಲ. ತಿರುಗಿಸುತ್ತಲೇ ಇದ್ದಳು. ಮೋಡದ ಬಳಿ ರೊಟ್ಟಿಯಷ್ಟಿದ್ದ ಪಟ ಚಾಪೆಯಷ್ಟಾಯಿತು, ಅಂಗಳದಷ್ಟಾಯಿತು. ಅದರ ನೆರಳು ಮನೆಗಳ ಮಾಳಿಗೆಗಳನ್ನು ಸವರಿ, ಇಳಿಜಾರು ಹತ್ತಿ, ಕಿಟಕಿಗೆ ಬಂದು ಕೋಣೆಯನ್ನೆಲ್ಲ ಕತ್ತಲು ಮಾಡಿತು. ಪಟ ಇಳಿಸಲೆಂದೇ ಹೊರಗೆ ಕಟ್ಟಿದ ಕಬ್ಬಿಣದ ಮಂಚದ ಮೇಲೆ ಅದು ಒಂದು ಅಂಚನ್ನು ಊರಿತು, ಎದ್ದಿತು, ಮತ್ತೆ ಊರಿತು. ಕೊನೆಗೊಮ್ಮೆ ದೊಡ್ಡದಾಗಿ ಉಸಿರು ಬಿಟ್ಟಂತೆ ಪೂರ್ತಿ ಮೈಚೆಲ್ಲಿ ಮಲಗಿತು.

ಮಹಾನಂದಾ ಕೈಚಕ್ರ ಬಿಟ್ಟು, ಡ್ರಮ್ಮಿಗೆ ಕೊಂಡಿ ಹಾಕಿದಳು.